ಎಂಜಿನ್‌ಗೊಂದು ಹೊದಿಕೆ

ಅಲಾಸ್ಕಾದ ಫೇರ್‌ಬ್ಯಾಂಕ್ಸ್‌ನಲ್ಲಿ ಚಳಿಗಾಲದ ಬೆಳಗು ಮೈನಸ್ 40 ಡಿಗ್ರಿಗೆ ಇಳಿಯುವುದುಂಟು. ಆಗ ಎಂಜಿನ್ ಆಯಿಲ್ ಕಾಕಂಬಿಯಂತೆ ಗಟ್ಟಿ. 1920–30ರ ದಶಕಗಳ ಪೈಲಟ್‌ಗಳು ಕಂಡುಕೊಂಡ ಉಪಾಯ ನನಗೆ ಬಲು ಇಷ್ಟ: ಇಳಿದ ಕೂಡಲೇ, ಬಿಸಿ ಆರುವ ಮುನ್ನ, ಆಯಿಲನ್ನು ಡಬ್ಬಿಗೆ ಬಸಿದು ಮನೆಯೊಳಗೆ ಒಯ್ಯುವುದು, ಬೆಳಿಗ್ಗೆ ಒಲೆಯ ಮೇಲೆ ಕಾಯಿಸುವುದು. ಅತ್ತ ಎಂಜಿನ್‌ಗೆ ನೆಲ ಮುಟ್ಟುವಂತೆ ಕ್ಯಾನ್ವಾಸ್ ಹೊದಿಸಿ, ಅದರಡಿ ಪೆಟ್ರೋಲ್ ಒಲೆ ಹಚ್ಚಿ, ಪಕ್ಕದಲ್ಲೇ ಕಾವಲು ಕೂರುವುದು. ಕಣ್ಣು ತಪ್ಪಿದರೆ ವಿಮಾನವೇ ಬೂದಿ. ಹಾಗೆ ಸುಟ್ಟುಹೋದವೂ ಇವೆ.

ಈಗ ಆಯಿಲ್ ತುಂಬಿರುವ ಸಂಪ್‌ಗೂ ಸಿಲಿಂಡರ್‌ಗಳಿಗೂ ವಿದ್ಯುತ್ ಹೀಟರ್ ಕೂರಿಸಿ, ಮೇಲೆ ದಪ್ಪ ಹೊದಿಕೆ ಕಟ್ಟಿ ಮಲಗಲು ಹೋಗಬಹುದು. ಆಯಿಲ್ ಒಂದೇ ಬಿಸಿಯಾದರೆ ಸಾಲದು ಎಂಬುದೇ ಇಲ್ಲಿನ ಸೂಕ್ಷ್ಮ. ಎಂಜಿನ್ನಿನ ಕವಚ ಅಲ್ಯೂಮಿನಿಯಂ, ಒಳಗಿನ ಕ್ರ್ಯಾಂಕ್‌ಶಾಫ್ಟ್ ಉಕ್ಕು. ಚಳಿಗೆ ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚು ಕುಗ್ಗುತ್ತದೆ. ಶಾಫ್ಟ್ ತಿರುಗುವ ಬೇರಿಂಗ್‌ನ ಸಂದು ಕಿರಿದಾಗಿ ಆಯಿಲ್ ನುಸುಳಲು ಜಾಗ ಸಾಲದು. ಲೈಕಮಿಂಗ್ ಕಂಪನಿ ತನ್ನ ಬಹುತೇಕ ಎಂಜಿನ್‌ಗಳನ್ನು ಮೈನಸ್ 12 ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಕಾಯಿಸಿಯೇ ಚಾಲೂ ಮಾಡಲು ಹೇಳುತ್ತದೆ. ಪಳಗಿದವರು ಅಷ್ಟು ಚಳಿಯಾಗುವವರೆಗೂ ಕಾಯುವುದಿಲ್ಲ. ಲೋಹದ ಪ್ರೊಪೆಲರ್ ಎಂಜಿನ್ನಿನ ಬಿಸಿಯನ್ನು ಹೊರಗೆಳೆದು ಗಾಳಿಗೆ ಚೆಲ್ಲುತ್ತದೆಂದು, ಅದರ ಅಲಗುಗಳಿಗೂ ಗವಸು ತೊಡಿಸುವವರಿದ್ದಾರೆ.