ಹಿಟ್ಟಿನ ಕೋಳಿಯೂ ಕಲ್ಪನೆಯ ಕಾಳಗವೂ

ಅಕ್ಕಪಕ್ಕದಲ್ಲಿ ಇಬ್ಬರು ಕಥಾನಾಯಕರ ಚಿತ್ರ; ಕೆಳಗೊಂದು ಪ್ರಶ್ನೆ: ‘ಇವರಿಬ್ಬರೂ ಹೊಡೆದಾಡಿದರೆ ಗೆಲ್ಲುವವರು ಯಾರು?’ ಮೊಬೈಲಿನಲ್ಲಿ ಹರಿದಾಡುವ ಇಂತಹ ವಿನೋದಚಿತ್ರಗಳನ್ನು ಮಕ್ಕಳು ‘ಮೀಮ್’ ಎನ್ನುತ್ತಾರೆ. ೨೦೧೫ರ ‘ಬಾಹುಬಲಿ’ ಚಲನಚಿತ್ರದ ನಾಯಕನನ್ನು ೨೦೧೮ರ ‘ಕೆ.ಜಿ.ಎಫ್.’ ಚಿತ್ರದ ರಾಕಿಯೆದುರು ನಿಲ್ಲಿಸಿ ತೋಳ್ಬಲವನ್ನು ತೂಗುವುದು ಅವರಿಗೊಂದು ಆಟ. ಇದನ್ನು ಕೇವಲ ವಿನೋದವೆಂದು ಬಿಡಬಹುದೇ?

ಈ ಪ್ರಶ್ನೆ ಹೊಸತಲ್ಲ. ನಮ್ಮ ಕವಿಗಳೂ ಇದನ್ನು ದೂರವಿಟ್ಟವರಲ್ಲ. ಕ್ರಿ.ಶ. ೯೪೧ರ ‘ಆದಿಪುರಾಣ’ದಲ್ಲಿ ಪಂಪನು ಭರತ-ಬಾಹುಬಲಿಯರನ್ನು ಎದುರುಬದುರು ನಿಲ್ಲಿಸಿದನು. ಸೈನ್ಯಗಳ ಸಂಹಾರವಾಗಬಾರದೆಂದು ಮಂತ್ರಿಗಳು ದೃಷ್ಟಿ, ಜಲ, ಮಲ್ಲಯುದ್ಧಗಳನ್ನು ಸೂಚಿಸಿದರು. ಮೂರರಲ್ಲಿಯೂ ತಮ್ಮನಿಗೇ ಜಯ. ಮೀಮ್ ಇಲ್ಲಿಗೆ ತೃಪ್ತವಾಗುತ್ತದೆ. ಪಂಪನಾದರೋ ಮುಂದುವರಿದು, ಸೋತ ಅಣ್ಣನು ಚಕ್ರವನ್ನು ಪ್ರಯೋಗಿಸಿದುದನ್ನೂ, ಗೆದ್ದ ತಮ್ಮನು ರಾಜ್ಯಕ್ಕೆ ಹೇಸಿ ತಪಸ್ಸಿಗೆ ತೆರಳಿದುದನ್ನೂ ಚಿತ್ರಿಸಿದನು. ಹದಿನಾರನೆಯ ಶತಮಾನದ ರತ್ನಾಕರವರ್ಣಿಯು ಇನ್ನೂ ಮುಂದೆ ಹೋಗಿ, ‘ಭರತೇಶ ವೈಭವ’ದಲ್ಲಿ ಆ ಕಾಳಗವನ್ನೇ ತಪ್ಪಿಸಿದನು, ಅಣ್ಣನ ಮೃದುವಚನಕ್ಕೆ ತಮ್ಮನ ಮನಸ್ಸು ಕರಗುತ್ತದೆ.

‘ನಿಜವಾಗಿ ಯಾರೂ ಸಾಯುವುದಿಲ್ಲವಲ್ಲ’ ಎಂಬ ಸಮಾಧಾನವೂ ಉಂಟು. ಇದಕ್ಕೆ ಉತ್ತರವಾಗಿ ೧೨೦೯ರ ಜನ್ನನ ‘ಯಶೋಧರ ಚರಿತೆ’ಯನ್ನು ನೆನೆಯಬೇಕು. ಯಶೋಧರನು ಬಲಿಗೊಟ್ಟದ್ದು ಹಿಟ್ಟಿನ ಕೋಳಿಯನ್ನು. ಆದರೂ ಸಂಕಲ್ಪಹಿಂಸೆಯ ಫಲವಾಗಿ ತಾಯಿ-ಮಗ ಇಬ್ಬರೂ ಪಶುಪಕ್ಷಿಗಳಾಗಿ ಭವಭವಗಳಲ್ಲಿ ತೊಳಲಿದರು. ಹಾಗೆಂದು ಮೀಮ್ ನೋಡಿ ನಕ್ಕ ಬಾಲಕನನ್ನು ಯಶೋಧರನ ಸಾಲಿಗೆ ಸೇರಿಸುವುದು ಅತಿಯಾದೀತು. ಅವನಲ್ಲಿ ಕೊಲ್ಲುವ ಸಂಕಲ್ಪವಿಲ್ಲ. ಆದರೆ ತನ್ನ ನಾಯಕನು ಸೋತನೆಂದಾಗ ಗೆಳೆಯನನ್ನು ಬೈಯುವ ನಾಲಗೆ, ಕುದಿಯುವ ಮನಸ್ಸು ಕಲ್ಪಿತವಲ್ಲ. ಅದು ಮಾನಕಷಾಯ, ಕ್ರೋಧಕಷಾಯ. ಕರ್ಮಬಂಧಕ್ಕೆ ಕಾರಣ ಚಿತ್ರದಲ್ಲಿಲ್ಲ, ಆ ಭಾವದಲ್ಲಿದೆ.

ಕಾಳಗದ ನಿಜರೂಪವನ್ನು ಅರಿಯಲು ನಮ್ಮ ಮಾಯಕೊಂಡದವರು ದೂರ ಹೋಗಬೇಕಾಗಿಲ್ಲ. ೧೭೪೮ರಲ್ಲಿ ಇದೇ ಬಯಲಿನಲ್ಲಿ ಬಿದನೂರು, ಹರಪನಹಳ್ಳಿ, ರಾಯದುರ್ಗ, ಸವಣೂರುಗಳ ಕೂಡುಸೈನ್ಯದೊಡನೆ ಹೋರಾಡುತ್ತ ಚಿತ್ರದುರ್ಗದ ಹಿರಿಯ ಮದಕರಿನಾಯಕನು ಮಡಿದನು. ಇತಿಹಾಸವು ನಾಯಕರ ಹೆಸರನ್ನು ಉಳಿಸಿಕೊಂಡಿದೆ. ಅವರೊಡನೆ ಬಿದ್ದ ಸಾಮಾನ್ಯ ಯೋಧರ ಹೆಸರು ನಮಗಾರಿಗೂ ಗೊತ್ತಿಲ್ಲ. ಅವರ ಮನೆಗಳಲ್ಲಿ ‘ಗೆದ್ದವರಾರು?’ ಎಂಬ ಪ್ರಶ್ನೆಗೆ ಏನರ್ಥವಿದ್ದೀತು? ಮೀಮ್‌ಗಳ ದೊಡ್ಡ ಕೊರತೆ ಇದೇ: ಅಲ್ಲಿ ಯುದ್ಧಕ್ಕೆ ಕಾರಣವೂ ಇಲ್ಲ, ಅನಂತರದ ಅಳಲೂ ಇಲ್ಲ.

ಮೊಬೈಲನ್ನು ಕಸಿದುಕೊಳ್ಳುವುದರಿಂದ ಪ್ರಯೋಜನವಾಗದು. ಬಾಹುಬಲಿಯೆಂದೊಡನೆ ಮಗುವಿಗೆ ಚಿತ್ರದ ಕತ್ತಿ ಮಾತ್ರ ನೆನಪಾದರೆ ತಪ್ಪು ಮಗುವಿನದಲ್ಲ, ಕಥೆ ಹೇಳದ ಹಿರಿಯರಾದ ನಮ್ಮದು. ಬಸದಿಗಳ ಆಡಳಿತ ಮಂಡಳಿಗಳು ಪಾಠಶಾಲೆಯಲ್ಲಿ, ತಂದೆತಾಯಿಗಳು ಮನೆಯಲ್ಲಿ ಅದೇ ಚಿತ್ರವನ್ನು ಮುಂದಿಟ್ಟುಕೊಂಡು ಮಕ್ಕಳನ್ನು ಕೇಳಲಿ: ಇವರು ಹೋರಾಡುವುದು ಯಾತಕ್ಕಾಗಿ? ತಡೆಯಬಲ್ಲವರು ಯಾರು? ಗೆದ್ದವನು ನಾಳೆ ಏನು ಮಾಡುತ್ತಾನೆ? ಮೂರನೆಯ ಪ್ರಶ್ನೆಗೆ ಉತ್ತರ ಹುಡುಕುವ ಮಗುವಿಗೆ ಶ್ರವಣಬೆಳಗೊಳದ ವಿಗ್ರಹವು ಆಯುಧವಿಲ್ಲದೆ ನಿಂತಿರುವುದೇಕೆ ಎಂಬುದು ತಾನಾಗಿ ತಿಳಿದೀತು.