ಹತ್ತಿಯ ಕೀಟಗಳ ಋತುಕೋಷ್ಟಕ: ಒಂದು ವಿಮರ್ಶೆ

ಹತ್ತಿಯ ಕೀಟಗಳನ್ನು ತಿಂಗಳುಗಳ ಕೋಷ್ಟಕದಲ್ಲಿ ಹಂಚಿ ತೋರಿಸುವ ಪದ್ಧತಿಯು ನಮ್ಮ ಪಾಠಗಳಲ್ಲಿ ರೂಢವಾಗಿದೆ. ಇಂಥ ತಿಂಗಳಲ್ಲಿ ಜಿಗಿಹುಳು, ಇಂಥ ತಿಂಗಳಲ್ಲಿ ಕಾಯಿಕೊರಕ ಎಂಬ ಈ ಪಟ್ಟಿಯನ್ನು ಶಿವಮೊಗ್ಗ, ಭದ್ರಾವತಿಗಳ ವಿದ್ಯಾರ್ಥಿಯೂ ಕಂಠಸ್ಥ ಮಾಡಬಹುದು. ಆದರೆ ಅದನ್ನು ನಿಯಮವೆಂದು ಭಾವಿಸುವುದು ಯುಕ್ತವೇ ಎಂಬುದು ವಿಚಾರಾರ್ಹವಾಗಿದೆ.

ಮೊದಲನೆಯದಾಗಿ, ಕೀಟವು ತಿಂಗಳನ್ನಲ್ಲ, ಗಿಡದ ಅವಸ್ಥೆಯನ್ನು ಅನುಸರಿಸುತ್ತದೆ. ರಸಹೀರುವ ಜಿಗಿಹುಳು, ಥ್ರಿಪ್ಸ್‌ಗಳಿಗೆ ಎಳೆಯ ಎಲೆ ಬೇಕು. ಕಾಯಿಕೊರಕಗಳಿಗೆ ಮೊಗ್ಗು, ಹೂ, ಕಾಯಿ ಬೇಕು. ಜೂನ್ ತಿಂಗಳಲ್ಲಿ ಬಿತ್ತಿದ ಹೊಲಕ್ಕೂ ಆಗಸ್ಟ್ ತಿಂಗಳಲ್ಲಿ ಬಿತ್ತಿದ ಹೊಲಕ್ಕೂ ಒಂದೇ ಪಟ್ಟಿ ಸಲ್ಲದು.

ಎರಡನೆಯದು ಸ್ಥಳದ ಪ್ರಶ್ನೆ. ಇದೇ ಜಿಲ್ಲೆಯ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕ ಮಳೆಯಾದರೆ, ಶಿವಮೊಗ್ಗ, ಭದ್ರಾವತಿಗಳ ಬಯಲಿಗೆ ಅದರ ಅಲ್ಪಾಂಶ ಮಾತ್ರ ದೊರೆಯುತ್ತದೆ. ಭದ್ರಾ ನಾಲೆಯ ಕೆಳಗೆ ಭತ್ತ, ಅಡಿಕೆಗಳೇ ಪ್ರಧಾನ. ಧಾರವಾಡ, ರಾಯಚೂರುಗಳ ಎರೆಭೂಮಿಯಲ್ಲಿ ಕಂಡುದನ್ನು ಇಲ್ಲಿಗೆ ಹಾಗೆಯೇ ಅನ್ವಯಿಸಲಾಗದು.

ಮೂರನೆಯ ಆಕ್ಷೇಪವೇ ಅತ್ಯಂತ ಗುರುತರವಾದುದು. 2002ರಲ್ಲಿ ಬಿ.ಟಿ. ಹತ್ತಿಗೆ, 2006ರಲ್ಲಿ ಅದರ ದ್ವಿಜೀನಿ ರೂಪಕ್ಕೆ ಸರ್ಕಾರದ ಅನುಮತಿ ದೊರೆಯಿತು. ಅಮೆರಿಕನ್ ಕಾಯಿಕೊರಕದ ಹಾವಳಿ ತಗ್ಗಿತು. ಹಾವೇರಿಯ ಕಡೆ ಮಿರಿಡ್ ತಿಗಣೆ ಪ್ರಾಮುಖ್ಯ ಪಡೆಯಿತು. ತರುವಾಯ ಗುಲಾಬಿ ಕಾಯಿಕೊರಕವು ಎರಡು ವಿಷಗಳಿಗೂ ನಿರೋಧಶಕ್ತಿ ಗಳಿಸಿ ಮರಳಿತು. ಆದುದರಿಂದ 2002ಕ್ಕೆ ಹಿಂದಿನ ಕೋಷ್ಟಕವು ಇತಿಹಾಸವೇ ಹೊರತು ಮಾರ್ಗದರ್ಶಿಯಲ್ಲ.

ಈ ಗುಲಾಬಿ ಹುಳುವಿನ ಋತುವನ್ನು ಒಂದು ಮಟ್ಟಿಗೆ ಮನುಷ್ಯನೇ ನಿರ್ಮಿಸುತ್ತಾನೆ. ಕೊನೆಯ ಬಿಡಿಸುವಿಕೆಯಾದ ಮೇಲೂ ನೀರು ಕೊಟ್ಟು ಬೆಳೆಯನ್ನು ಉಳಿಸಿಕೊಂಡರೆ ಹುಳುವಿನ ಸಂತತಿ ಮುಂದುವರಿಯುತ್ತದೆ. ಒಣಗಿದ ಕಾಯಿಯಲ್ಲಿಯೂ ಬೀಜದಲ್ಲಿಯೂ ಅದು ಸುಪ್ತವಾಗಿದ್ದು ಮುಂದಿನ ಬೆಳೆಯನ್ನು ಕಾಯುತ್ತದೆ. ಇದು ತಿಂಗಳುಗಳ ಪಟ್ಟಿಯಲ್ಲಿ ಕಾಣದು. ಪಟ್ಟಿಯನ್ನು ನಂಬಿ ತಡವಾಗಿ ಔಷಧ ಸಿಂಪಡಿಸಿದ ರೈತನಿಗೆ ಹಣವೂ ವ್ಯರ್ಥ, ಶ್ರಮವೂ ವ್ಯರ್ಥ. ಏಕೆಂದರೆ ಕಾಯಿಯೊಳಗೆ ಸೇರಿದ ಹುಳುವಿಗೆ ಸಿಂಪಡಣೆ ತಲುಪುವುದಿಲ್ಲ.

ಹಾಗೆಂದು ಕೋಷ್ಟಕವು ನಿರುಪಯುಕ್ತವೆಂದು ನಮ್ಮ ಅಭಿಪ್ರಾಯವಲ್ಲ. ಬಿತ್ತನೆಯ ದಿನ, ತಳಿ, ಗಿಡದ ವಯಸ್ಸು, ಅವಲೋಕನದ ವರ್ಷ, ಸ್ಥಳ ಇವನ್ನು ಅದರೊಡನೆ ನಮೂದಿಸಬೇಕು. ಒಂದೆರಡು ವರ್ಷಗಳ ಎಣಿಕೆಯನ್ನು ಮಳೆ, ಉಷ್ಣತೆಗಳೊಡನೆ ಹೋಲಿಸಿ ಪಡೆದ ಸಹಸಂಬಂಧವನ್ನು ಕಾರಣವೆಂದು ಸಾರಬಾರದು. ವಿದ್ಯಾರ್ಥಿಯು ಕೋಷ್ಟಕವನ್ನು ನಕಲು ಮಾಡುವ ಮುನ್ನ ಹೊಲದಲ್ಲಿ ಇಪ್ಪತ್ತು ಕಾಯಿಗಳನ್ನು ಸೀಳಿ ನೋಡಲಿ. ಋತುವಿನ ನಿಜಸ್ಥಿತಿ ಅಲ್ಲಿ ತಿಳಿಯುತ್ತದೆ.