ಗೋಡೆಗೇರಿದ ಕೌದಿ

ಕೌದಿ ಹೊದೆಯುವ, ಹಾಸುವ ವಸ್ತು. ಅದನ್ನು ಗೋಡೆಗೆ ತೂಗುಹಾಕಿ, ಮೇಲಿಂದ ದೀಪ ಬಿಟ್ಟು, 'ಮುಟ್ಟಬೇಡಿ' ಎಂಬ ಫಲಕ ನಿಲ್ಲಿಸಿದರೆ ಅದು ಕಲೆಯಾಗುತ್ತದೆ ಎಂಬ ನಂಬಿಕೆ ನಮ್ಮ ನಗರಗಳಲ್ಲೂ ಬೆಳೆದಿದೆ. ಉತ್ತರ ಕನ್ನಡದ ಸಿದ್ದಿ ಮಹಿಳೆಯರ ಕೌದಿಗಳು 2011ರಲ್ಲೇ ನ್ಯೂಯಾರ್ಕಿನ ಶಾಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಗೊಂಡಿದ್ದವು. ಈಚೆಗೆ ನಾವು ನೋಡಿದ ಒಂದು ಪ್ರದರ್ಶನದಲ್ಲೂ ಅಂಥದೊಂದು ಹಳೆಯ ಕೌದಿಯಿತ್ತು. ಪಕ್ಕದ ಕೋಣೆಯಲ್ಲಿ ಕೌದಿ ಹೊಲಿಯುವ ಕಮ್ಮಟ.

ಕೌದಿ ನಿಜಕ್ಕೂ ಚೆಲುವಾಗಿತ್ತು. ತಳಕ್ಕೆ ಹತ್ತಿಯ ಸೀರೆ, ಅದರ ಮೇಲೆ ಲುಂಗಿ, ಕುಪ್ಪಸ, ಮಕ್ಕಳ ಅಂಗಿಯ ತುಂಡುಗಳು. ಹೊಲಿಯುವವಳು ಒಂದು ಮೂಲೆಯಿಂದ ಆರಂಭಿಸಿ, ತೇಪೆ ಇಡುತ್ತಾ, ಅಂಚಿನುದ್ದಕ್ಕೂ ಸುತ್ತುತ್ತಾ ನಡುವಿಗೆ ಬರುತ್ತಾಳೆ. ಹೊಲಿಗೆಯ ಸಾಲಿನ ಓಟ ಒಬ್ಬೊಬ್ಬರ ಕೈಯಲ್ಲಿ ಒಂದೊಂದು ರೀತಿ. ಮೂಲೆಗಳಿಗೆ ಬಟ್ಟೆ ಮಡಚಿ ಹಚ್ಚಿದ ತ್ರಿಕೋನದ 'ಹೂವು' ಇಲ್ಲದಿದ್ದರೆ ಕೌದಿ ಬೆತ್ತಲೆ ಎನ್ನುತ್ತಾರೆ. ಸಿದ್ದಿಗಳಲ್ಲಿ ಮುಸ್ಲಿಮರೂ ಹಿಂದೂಗಳೂ ಕ್ರೈಸ್ತರೂ ಇದ್ದಾರೆ. ಕೆಲವು ಕೌದಿಗಳಲ್ಲಿ ಅರ್ಧಚಂದ್ರ, ಕೆಲವುಗಳಲ್ಲಿ ಶಿಲುಬೆ ಕಾಣುವುದುಂಟು.

ಚೀಟಿಯಲ್ಲಿ ಸಮುದಾಯದ ಹೆಸರಿತ್ತು, ಜಿಲ್ಲೆಯ ಹೆಸರಿತ್ತು, ಸಂಗ್ರಹಿಸಿದವರ ಹೆಸರೂ ಇತ್ತು. ಹೊಲಿದವಳ ಹೆಸರಿರಲಿಲ್ಲ. ವಿಚಾರಿಸಿದರೆ, ಇದು ಜಾನಪದ, ಇದಕ್ಕೆ ಕರ್ತೃ ಇರುವುದಿಲ್ಲ ಎಂಬ ಉತ್ತರ. ಕೌದಿ ತನ್ನಷ್ಟಕ್ಕೆ ತಾನೇ ಹೊಲಿದುಕೊಂಡಿತೇ?

ಈ ಉತ್ತರ ಎಷ್ಟು ಪೊಳ್ಳು ಎಂಬುದಕ್ಕೆ ಅಮೆರಿಕದ ಕೌದಿಯೊಂದು ಸಾಕ್ಷಿಯಿದೆ. ಅದನ್ನು ಹೊಲಿದವಳೂ ಆಫ್ರಿಕಾ ಮೂಲದವಳೇ. ಜಾರ್ಜಿಯಾದಲ್ಲಿ 1837ರಲ್ಲಿ ಗುಲಾಮಗಿರಿಯಲ್ಲಿ ಹುಟ್ಟಿದ ಹ್ಯಾರಿಯೆಟ್ ಪವರ್ಸ್ ಹನ್ನೊಂದು ಚೌಕಗಳಲ್ಲಿ ಬೈಬಲಿನ ಕಥೆಗಳನ್ನು ಬಟ್ಟೆಯ ಚಿತ್ರಗಳಾಗಿ ಹೊಲಿದಳು. ಆದಮ್-ಹವ್ವಾ, ಹಾಬೀಲ್-ಖಾಬೀಲ್ ಅಲ್ಲಿದ್ದಾರೆ. 1886ರಲ್ಲಿ ಅಥೆನ್ಸ್ ಊರಿನ ಜಾತ್ರೆಯಲ್ಲಿ ಅದನ್ನು ಕಂಡ ಜೆನ್ನಿ ಸ್ಮಿತ್ ಎಂಬ ಚಿತ್ರಕಲಾ ಶಿಕ್ಷಕಿ ಕೊಳ್ಳಲು ಮುಂದಾದಾಗ ಆಕೆ ಒಪ್ಪಲಿಲ್ಲ. ಕೆಲವು ವರ್ಷಗಳ ನಂತರ ಕಷ್ಟ ಮನೆಗೆ ಬಂತು. ಹತ್ತು ಡಾಲರ್ ಕೇಳಿದಳು, ಸಿಕ್ಕಿದ್ದು ಐದು. ಮಾರಿದ ಮೇಲೂ ತನ್ನ ಕೌದಿಯನ್ನು ನೋಡಲು ಹಲವು ಸಲ ಬಂದಳಂತೆ! ಆದರೆ ಜೆನ್ನಿ ಸ್ಮಿತ್ ಒಂದು ಕೆಲಸ ಮಾಡಿದ್ದಳು: ಒಂದೊಂದು ಚೌಕದ ಅರ್ಥವನ್ನು ಪವರ್ಸ್‌ಳಿಂದಲೇ ಕೇಳಿ ಬರೆದಿಟ್ಟಳು. ಕೌದಿ ಈಗ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಗ್ರಹದಲ್ಲಿದೆ, ಹೊಲಿದವಳ ಹೆಸರಿನ ಸಮೇತ. ಬೆಲೆಯಲ್ಲಿ ಆಕೆಗೆ ನ್ಯಾಯ ಸಿಕ್ಕಿತೆಂದು ಹೇಳಲಾರೆವು. ಆದರೂ ಅಂದು ಆ ಶಿಕ್ಷಕಿಗೆ ಹೊಳೆದದ್ದು ಇಂದು ನಮ್ಮ ಸಂಘಟಕರಿಗೆ ಹೊಳೆದಿಲ್ಲ.

ಇನ್ನು ಕಮ್ಮಟ. ಕಲಿಯಲು ಬಂದವರಿಗೆ ಅಂಗಡಿಯಿಂದ ತಂದ ಹೊಚ್ಚಹೊಸ ಬಟ್ಟೆಯನ್ನು ತುಂಡು ಮಾಡಿ ಹಂಚಲಾಯಿತು. ಹರಿದದ್ದನ್ನು ಉಳಿಸಲು ಹುಟ್ಟಿದ ವಿದ್ಯೆಯನ್ನು ಕಲಿಸಲು ಹೊಸದನ್ನು ಹರಿಯುವುದು! ಹೊಲಿಗೆ ಕಲಿಸಲು ಬಂದಿದ್ದ ಇಬ್ಬರು ಸಿದ್ದಿ ಮಹಿಳೆಯರನ್ನು 'ಸಹಾಯಕರು' ಎಂದು ಪರಿಚಯಿಸಿದರು. ಅರ್ಧಕ್ಕಿಂತ ಹೆಚ್ಚು ಹೊತ್ತು ಮಾತಾಡಿದವರು ವಿನ್ಯಾಸಕಾರರು. ಆದರೆ ಇಬ್ಬರಲ್ಲಿ ಹಿರಿಯಾಕೆ ಸೂಜಿ ಹಿಡಿದ ಮೇಲೆ ಮೈಕು ಯಾರಿಗೂ ಬೇಕಾಗಲಿಲ್ಲ. ಅಳತೆಯ ಟೇಪು ತೆಗೆದ ಹುಡುಗಿಯ ಕೈಯಿಂದ ಅದನ್ನು ನಗುತ್ತಲೇ ಪಕ್ಕಕ್ಕಿಟ್ಟರು. ಹೊಸ ತುಂಡುಗಳನ್ನು ಎರಡು ಸಲ ತಿರುವಿ ನೋಡಿ, ಇವು ಯಾರ ಬಟ್ಟೆ, ಯಾವುದನ್ನು ಯಾವುದರ ಪಕ್ಕ ಇಡಲಿ ಎಂದು ಕೇಳಿದರು. ಇಡೀ ದಿನದಲ್ಲಿ ನಾವು ಕೇಳಿದ ಒಳ್ಳೆಯ ವಿಮರ್ಶೆ ಅದೊಂದೇ. ಮನೆಯವರ ಬಟ್ಟೆಯಾದರೆ ಅಜ್ಜಿಯ ಸೀರೆ ಎಲ್ಲಿ, ಮಗುವಿನ ಅಂಗಿ ಎಲ್ಲಿ ಎಂದು ಕೈಗೆ ಗೊತ್ತಿರುತ್ತದೆ.

ಪ್ರದರ್ಶನ ಇನ್ನೂ ಕೆಲವು ಊರುಗಳಿಗೆ ಹೋಗಲಿದೆಯಂತೆ. ಬರುವವರು ತಮ್ಮ ಮನೆಯ ಹಳೆಯ ಬಟ್ಟೆ ತರಲಿ ಎಂದು ಆಮಂತ್ರಣದಲ್ಲೇ ಹಾಕಬಹುದು. ಆ ಇಬ್ಬರ ಹೆಸರನ್ನು ಶಿಕ್ಷಕಿಯರೆಂದು ಮೊದಲ ಸಾಲಿನಲ್ಲೇ ಅಚ್ಚು ಮಾಡಿಸಬಹುದು. ಗೋಡೆಯ ಕೌದಿ ಯಾರದೆಂದು ಕೇಳಲು ಹಳಿಯಾಳ, ಯಲ್ಲಾಪುರಗಳೇನೂ ದೂರವಿಲ್ಲ, ಬಸ್ಸಿದೆ.